ಖಾಲಿ ಬಿಟ್ಟ ಕಾಲಂ

(ಬಾನುಲಿ ಭಾಷಣ)

ಕನ್ನಡ ಎಂ.ಎ. ಮಾಡಿ, ಮೂರು ದಶಕಗಳಿಗೂ ಮಿಕ್ಕು ಕಾಲೇಜಿನಲ್ಲಿ ಹಳಗನ್ನಡ ಕಾವ್ಯವನ್ನೂ ಗ್ರಂಥಸಂಪಾದನೆಯನ್ನೂ ಪಾಠ ಹೇಳಿ ನಿವೃತ್ತನಾದ ಮೇಷ್ಟರೊಬ್ಬನು ಕಂಪ್ಯೂಟರಿನ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ಸೋಜಿಗವೆನಿಸೀತು. ಸೋಜಿಗ ನನಗೂ ಇದೆ. ಆದರೆ ನನ್ನ ಜೀವಮಾನದ ಗಳಿಕೆಯೆಂದು ನಾನು ನಂಬಿಕೊಂಡಿದ್ದ ಒಂದು ಪದಸಂಗ್ರಹವನ್ನು ಈಚೆಗೆ ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಸಾಗಿಸಬೇಕಾಗಿ ಬಂದಿತು. ಆ ಸಾಗಾಟದಲ್ಲಿ ಒಬ್ಬ ಮುದುಕಿಗೆ ನಾನು ಕೊಟ್ಟಿದ್ದ ಮಾತು ಮುರಿಯಿತು. ಅದು ಹೇಗೆ ಮುರಿಯಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಕೆಲವು ನಿಮಿಷಗಳನ್ನು ಕೇಳಿ ಪಡೆದಿದ್ದೇನೆ.

ನಾನಿರುವುದು ಚುಂಚನಕಟ್ಟೆಯಲ್ಲಿ. ಕಾವೇರಿ ಇಲ್ಲಿ ಬಂಡೆಗಳ ನಡುವೆ ಧುಮುಕುತ್ತಾಳೆ. ದಡದಲ್ಲಿ ಕೋದಂಡರಾಮನ ಗುಡಿ. ಪ್ರಾಕಾರದಲ್ಲೆಲ್ಲ ಕಿವಿ ತುಂಬುವ ಜಲಪಾತದ ಮೊರೆತ ಗರ್ಭಗುಡಿಯೊಳಗೆ ಮಾತ್ರ ಕೇಳಿಸದೆಂದು ನಮ್ಮ ಜನ ಹೇಳುತ್ತಾರೆ. ಊರಿನ ಹೆಸರಿನಲ್ಲಿಯೇ ಕಟ್ಟೆಯಿದೆ. ಹೊಳೆಗೆ ಅಡ್ಡಲಾಗಿ ಕಟ್ಟೆ, ಕಟ್ಟೆಯಿಂದ ನಾಲೆ, ನಾಲೆಯಿಂದ ತೂಬು, ತೂಬಿನಿಂದ ಗದ್ದೆ. ಗದ್ದೆಯಲ್ಲಿ ನಿಂತ ರೈತನಿಗೆ ತೂಬಿನ ಪರಿಚಯವಿದ್ದರೆ ಸಾಕು. ಮೇಲೆ ಕಟ್ಟೆಯನ್ನು ಕಲ್ಲಿನಲ್ಲಿ ಕಟ್ಟಿದ್ದಾರೋ ಕಾಂಕ್ರೀಟಿನಲ್ಲಿ ಕಟ್ಟಿದ್ದಾರೋ ಅವನು ವಿಚಾರಿಸುವುದಿಲ್ಲ. ಕಂಪ್ಯೂಟರಿನ ತಂತ್ರಾಂಶವೂ ಹೀಗೆಯೇ. ನಮ್ಮ ಕಣ್ಣಿಗೆ ಕಾಣುವ ಪರದೆ ತೂಬು. ಕಾಣದೆ ಹಿಂದೆ ಮಾಹಿತಿಯನ್ನು ತುಂಬಿಟ್ಟುಕೊಂಡಿರುವ ಡೇಟಾಬೇಸು ಕಟ್ಟೆ. ತೂಬನ್ನು ಮುಟ್ಟದೆ ಕಟ್ಟೆಯನ್ನು ಮಾತ್ರ ಬದಲಾಯಿಸಬಹುದೆಂಬುದು ಈ ಶಾಸ್ತ್ರದ ಒಂದು ಮುಖ್ಯ ಪ್ರತಿಜ್ಞೆ. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಮಾಹಿತಿ ಒಳಗೆ ಹೇಗೆ ಅಡಕವಾಗಿದೆಯೆಂಬುದನ್ನು ಬಳಸುವವನು ತಿಳಿಯಬೇಕಾಗಿರಬಾರದು ಎಂದು ವಾದಿಸಿದರು. ಅದು ಮುಕ್ಕಾಲು ಪಾಲು ನಿಜವಾಯಿತು. ಉಳಿದ ಕಾಲು ಪಾಲು ನನ್ನ ಪಾಲಿಗೆ ಬಂದಿತು.

1984ರಿಂದ ಹನ್ನೆರಡು ವರ್ಷ, ರಜೆ ಸಿಕ್ಕಾಗಲೆಲ್ಲ, ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಈ ನಾಲ್ಕು ಕಡೆಯ ಹಳ್ಳಿಗಳಲ್ಲಿ ಸುತ್ತಿ ನಾನು ಆಡುಮಾತಿನ ಪದಗಳನ್ನು ಕೂಡಿಹಾಕಿದೆ. ಗದ್ದೆ ಕೆಲಸದ ಮಾತುಗಳು, ಹೊಗೆಸೊಪ್ಪು ಹದಮಾಡುವವರ ಮಾತುಗಳು, ಸಂಕ್ರಾಂತಿಯ ಸುಮಾರಿಗೆ ನಮ್ಮೂರಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಎತ್ತಿನ ಸುಳಿ, ಹಲ್ಲು, ಬಣ್ಣಗಳಿಗೆ ದಲ್ಲಾಳಿಗಳು ಇಟ್ಟ ಹೆಸರುಗಳು, ಕಾಡಂಚಿನವರು ಜೇನಿಗೂ ಗೆಡ್ಡೆಗೂ ಹೇಳುವ ಹೆಸರುಗಳು. ಒಟ್ಟು 14,000ಕ್ಕೂ ಮಿಕ್ಕ ಕಾರ್ಡುಗಳು. ಒಂದೊಂದರ ಮೇಲೆ ಪದ, ಅರ್ಥ, ಊರು, ವರ್ಷ, ಹೇಳಿದವರ ಹೆಸರು. ಒಂದು ಕೂಟದಲ್ಲಿ ಬರೆದುಕೊಂಡವನ್ನೆಲ್ಲ ದಾರ ಕಟ್ಟಿ ಒಂದು ಕಂತೆ ಮಾಡಿ, ಕಂತೆಗೊಂದು ಸಂಖ್ಯೆ ಹಾಕುತ್ತಿದ್ದೆ. 2003ರಲ್ಲಿ ಒಬ್ಬ ಹುಡುಗನನ್ನು ಕೂರಿಸಿಕೊಂಡು ಅವನ್ನೆಲ್ಲ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪು ಮಾಡಿಸಿ, ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸಿಗೆ ಸೇರಿಸಿದ್ದಾಯಿತು. ಅದು ಸುಮಾರು ಇಪ್ಪತ್ತು ವರ್ಷ ನನ್ನನ್ನು ಚೆನ್ನಾಗಿ ನೋಡಿಕೊಂಡಿತೆನ್ನಬೇಕು.

2022ರಲ್ಲಿ ಹಳೆಯ ಕಂಪ್ಯೂಟರು ಮುಲುಗತೊಡಗಿತು. ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನೋಡಿದ. “ಸಾರ್, ಇದನ್ನು ಇನ್ನು ಇದರಲ್ಲಿ ಇಡೋದು ಬೇಡ. ಪೋಸ್ಟ್‌ಗ್ರೆಸ್‌ಗೆ ಹಾಕಿಬಿಡೋಣ. ನಿಮ್ಮ ಪರದೆ ಹಾಗೇ ಇರುತ್ತೆ, ಹಿಂದಿರೋ ಉಗ್ರಾಣ ಮಾತ್ರ ಬೇರೆ” ಎಂದ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರು ಆರಂಭಿಸಿದ ಡೇಟಾಬೇಸು ಅದು. ಇಂದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಹಣ ತೆರದೆ ಬಳಸಬಹುದು. “ಎಷ್ಟು ದಿನ ಬೇಕಪ್ಪ?” ಎಂದು ಕೇಳಿದೆ. “ಎರಡು ಭಾನುವಾರ ಸಾಕು ಸಾರ್” ಎಂದ. ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲ ತೊಡಕು ಅಕ್ಷರದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ಕನ್ನಡದವರ ಸ್ವಂತ ತೊಡಕು. ಹಳೆಯ ನುಡಿ ಬರೆಹದಲ್ಲಿ ಕಂಪ್ಯೂಟರು ಒಳಗೆ ಕೂಡಿಡುತ್ತಿದ್ದುದು ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಂಡುಗಳನ್ನು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಮಾಡುತ್ತಿದ್ದ ಹಾಗೆ, ಒಂದು ಒಡಲು, ಅದಕ್ಕೊಂದು ತಲೆಕಟ್ಟು, ಬೇಕಾದರೆ ಒಂದು ಕೊಂಬು. ವಕಾರದ ಒಡಲಿಗೆ ತಲೆಕಟ್ಟಿಟ್ಟು ಮುಂದೆ ಕೊಂಬಿನಂಥದೊಂದನ್ನು ಸೇರಿಸಿದರೆ ಅದೇ ಮಕಾರ. ಮಹಾಪ್ರಾಣದ ಸೀಳನ್ನು ದಕಾರದ ಕೆಳಗಿಟ್ಟರೆ ಧಕಾರ. ಯಕಾರವನ್ನು ಕಟ್ಟುವುದಕ್ಕೆ ಮೊದಲು ಸೊನ್ನೆಯ ತುಂಡು ಬೇಕು. ‘ಧರ್ಮ’ ಎಂಬಲ್ಲಿ ನಾವು ಉಚ್ಚರಿಸುವಾಗ ಮೊದಲು ಬರುವ ರೇಫ, ಅಲ್ಲಿ ಅರ್ಕಾವತ್ತಿನ ರೂಪದಲ್ಲಿ ಕೊನೆಗೆ ಬರುತ್ತದೆ. ಕಣ್ಣಿಗೆ ಎಲ್ಲವೂ ಸರಿ. ಕಾಗದದ ಮೇಲೆ ಅಚ್ಚುಹಾಕಿದರೆ ಮುದ್ದಾದ ಕನ್ನಡ. ಆದರೆ ಆ ಅಚ್ಚಿನ ಮುಖವನ್ನು, ಎಂದರೆ ಫಾಂಟನ್ನು, ತೆಗೆದುಬಿಟ್ಟರೆ ಉಳಿಯುವುದು ಯಾವ ಭಾಷೆಯೂ ಅಲ್ಲದ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ.

ಯೂನಿಕೋಡ್ ಎಂಬ ಈಗಿನ ವ್ಯವಸ್ಥೆ ಆಕಾರವನ್ನು ಬಿಟ್ಟು ಅಕ್ಷರವನ್ನೇ ಎಣಿಸುತ್ತದೆ. ಮಕಾರಕ್ಕೆ ಅದರದೇ ಸಂಖ್ಯೆ, ವಕಾರಕ್ಕೆ ಅದರದೇ ಸಂಖ್ಯೆ. ಹಾಗಾದರೆ ಹಳೆಯ ತುಂಡುಗಳನ್ನು ಕೂಡಿಸಿ ಹೊಸ ಅಕ್ಷರಗಳಿಗೆ ಪರಿವರ್ತಿಸಬೇಕು. ನನ್ನ ಶಿಷ್ಯ ಒಂದು ಸಣ್ಣ ಪ್ರೋಗ್ರಾಮನ್ನು ಬರೆದ. ಅದು ಉದ್ದದ ಜೋಡಣೆಯನ್ನು ಮೊದಲು ಗುರುತಿಸುವುದರ ಬದಲು ಸಣ್ಣ ತುಂಡುಗಳನ್ನೇ ಮೊದಲು ಬದಲಾಯಿಸುತ್ತ ಹೋಯಿತು. ಫಲವಾಗಿ ಮಕಾರಗಳೆಲ್ಲ ‘ವು’ ಆದವು. ‘ಮನೆ’ ‘ವುನೆ’ಯಾಯಿತು, ‘ಮರ’ ‘ವುರ’ವಾಯಿತು. ನಮ್ಮೂರ ದೇವರು ಕೋದಂಡರಾವು ಆದರು! ನಾವಿಬ್ಬರೂ ಮನಸಾರೆ ನಕ್ಕೆವು. ನಗು ನಿಂತದ್ದು ‘ಕಾಮ’ ಎಂಬ ಪದದಲ್ಲಿ. ಅದು ‘ಕಾವು’ ಆಗಿ ಕುಳಿತಿದ್ದಿತು. ಅದರ ಪಕ್ಕದಲ್ಲಿಯೇ ನಿಜವಾದ ‘ಕಾವು’ ಕೂಡ ಇದ್ದಿತು. ಎರಡು ಪದಗಳು ಒಂದಾಗಿಬಿಟ್ಟಿದ್ದವು. ಹಳೆಯ ಬರೆಹದಲ್ಲಿ ಮಕಾರದ ಕೊಂಬಿಗೂ ‘ವು’ ಎಂಬುದರ ಕೊಂಬಿಗೂ ಬೇರೆ ಬೇರೆ ಗುರುತುಗಳಿದ್ದವು. ಪ್ರೋಗ್ರಾಮು ಎರಡನ್ನೂ ಒಂದೇ ಕೊಂಬೆಂದು ಬಗೆದಿದ್ದಿತು.

ಗ್ರಂಥಸಂಪಾದನೆ ಮಾಡಿದವರಿಗೆ ಇದು ಹಳೆಯ ಪರಿಚಯ. ಓಲೆಯಿಂದ ಓಲೆಗೆ ನಕಲು ಮಾಡುವ ಲಿಪಿಕಾರನ ತಪ್ಪುಗಳಲ್ಲಿ ಎರಡು ಬಗೆ. ಒಬ್ಬ ಲಿಪಿಕಾರ ತನ್ನ ಅಭ್ಯಾಸದಂತೆ ಒಂದಕ್ಷರವನ್ನು ಯಾವಾಗಲೂ ಒಂದು ವಿಕಾರವಾದ ರೀತಿಯಲ್ಲಿ ಬರೆಯುತ್ತಾನೆ. ಅವನ ಅಭ್ಯಾಸ ಗೊತ್ತಾದರೆ ಮೂಲವನ್ನು ಮರಳಿ ಪಡೆಯಬಹುದು. ಇನ್ನೊಬ್ಬ ಎರಡು ಬೇರೆ ಅಕ್ಷರಗಳನ್ನು ಒಂದೇ ಮಾಡಿ ಬರೆಯುತ್ತಾನೆ. ಎಷ್ಟೋ ಹಳೆಯ ಓಲೆಗಳಲ್ಲಿ ಎಕಾರ ಒಕಾರಗಳ ಹ್ರಸ್ವ ದೀರ್ಘಗಳ ಭೇದವಿರುವುದಿಲ್ಲ. ‘ಕೊಡು’ ಎಂದಿದ್ದರೆ ಅದು ಕೊಡುವ ಮಾತೋ ದನದ ಕೋಡೋ ಓಲೆ ಹೇಳದು. ಛಂದಸ್ಸು ನೆರವಿಗೆ ಬಂದರೆ ಪುಣ್ಯ. ಮೊದಲನೆಯ ತಪ್ಪು ರೂಪವನ್ನು ಕೆಡಿಸುತ್ತದೆ, ಎರಡನೆಯದು ಭೇದವನ್ನು ಅಳಿಸುತ್ತದೆ. ಅಳಿದ ಭೇದ ಆ ಪ್ರತಿಯೊಂದರಿಂದಲೇ ಹಿಂದಿರುಗಿ ಬರುವುದಿಲ್ಲ.

ಇದನ್ನು ನಾನು ಶಿಷ್ಯನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಹೋದ ದಾರೀಲೇ ವಾಪಸ್ ಬರೋಣ ಸಾರ್” ಎಂದ. ಎಂದರೆ, ಹೊಸ ಡೇಟಾಬೇಸಿನಿಂದ ಮತ್ತೆ ಹಳೆಯ ನುಡಿ ರೂಪಕ್ಕೆ ಪರಿವರ್ತಿಸಿ, ಮೂಲದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸುವುದು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಏನೋ ಒಂದು ಕರಗಿಹೋಗಿದೆ. ಬುದ್ಧಿವಂತ ಹುಡುಗ. ಪದಗಳ ಕಾಲಂಗಳಿಗೆ ಈ ಪರೀಕ್ಷೆಯನ್ನು ಮಾಡಿದೆವು. ಹೆಸರಿನ ಕಾಲಮಿಗೆ ಮಾಡಲಿಲ್ಲ.

ಅಕ್ಷರಗಳು ದಾರಿಗೆ ಬಂದ ಮೇಲೆ ಅಕಾರಾದಿ. ಯೂನಿಕೋಡಿನ ಸಂಖ್ಯಾಕ್ರಮದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕೆ ಮುಂಚೆ ಇದೆ. ಅದು ದೇವನಾಗರಿಯನ್ನು ಅನುಸರಿಸಿ ಹಾಕಿದ ಚೌಕಟ್ಟು. ನಮ್ಮ ಕ್ರಮದಲ್ಲಿ ಳಕಾರ ಹಕಾರದ ನಂತರ ಕೊನೆಗೆ. ಸಂಖ್ಯೆಯನ್ನೇ ನಂಬಿ ಜೋಡಿಸಿದರೆ ‘ಹಳ್ಳಿ’ ಮೊದಲು, ‘ಹವಳ’ ‘ಹಸು’ಗಳು ಆಮೇಲೆ. ನಿಘಂಟನ್ನು ತಿರುವಿ ಹಾಕಿ ಬೆಳೆದ ನನಗೆ ಅದು ಮನೆಯ ಮೆಟ್ಟಿಲು ತಪ್ಪಿದ ಹಾಗೆ. ಡೇಟಾಬೇಸಿಗೆ ನಮ್ಮ ಕ್ರಮವನ್ನು ಪ್ರತ್ಯೇಕವಾಗಿ ತಿಳಿಸಿ ಹೇಳಬೇಕಾಯಿತು. ಇನ್ನೊಂದು ವಿಚಿತ್ರ: ಹಳಗನ್ನಡದ ೞಕಾರಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ, ಸಂತೋಷ, ಆದರೆ ಅದಕ್ಕೆ ಆ ಪಟ್ಟಿಯಲ್ಲಿ ಕೊಟ್ಟಿರುವ ಇಂಗ್ಲಿಷ್ ಹೆಸರು ‘ಫ’! ಯಾರೋ ತಪ್ಪಿದರು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಅವರ ನಿಯಮವಾದ್ದರಿಂದ ತಪ್ಪು ಹಾಗೆಯೇ ಉಳಿದಿದೆ. ಕೇಶಿರಾಜ ಇದ್ದಿದ್ದರೆ ಏನೆನ್ನುತ್ತಿದ್ದನೋ! ಹಾಗೆಂದು ಅದರ ಸಂಖ್ಯೆ ಸರಿಯಾಗಿದೆ, ಕೆಲಸ ನಡೆಯುತ್ತದೆ.

ವರ್ಷಗಳ ಕಥೆ ಕೇಳಿ. ಸಾಗಿಸುವಾಗ ನಡುದಾರಿಯಲ್ಲಿ ಮಾಹಿತಿಯನ್ನು ಎಕ್ಸೆಲ್ ಹಾಳೆಯಲ್ಲಿ ಇಳಿಸಿ, ವರ್ಷದ ಕಾಲಮಿಗೆ ‘ದಿನಾಂಕ’ ಎಂದು ಗುರುತು ಹಾಕಿದ್ದರು. ಆ ಹಾಳೆಗೆ ದಿನಾಂಕವೆಂದರೆ 1900ರ ಆರಂಭದಿಂದ ಎಣಿಸಿದ ದಿನಗಳ ಲೆಕ್ಕ. ನಾನು ಬರೆದಿದ್ದ 1987 ಎಂಬ ವರ್ಷ 1,987ನೆಯ ದಿನವಾಗಿ, 1905ರ ಜೂನ್ 9 ಎಂದು ಮೂಡಿತು. 1988 ಅದರ ಮಾರನೆಯ ದಿನ. ಹನ್ನೆರಡು ವರ್ಷಗಳ ನನ್ನ ಅಲೆದಾಟ 1905ರ ಜೂನಿನ ಹನ್ನೆರಡು ದಿನಗಳಲ್ಲಿ, ನನ್ನ ತಂದೆ ಹುಟ್ಟುವುದಕ್ಕೂ ಮುಂಚೆ, ಮುಗಿದುಹೋಗಿದ್ದಿತು. ಇದು ಮೊದಲನೆಯ ಬಗೆಯ ತಪ್ಪು. ಎಣಿಸಿ ಹಿಂದಕ್ಕೆ ಬಂದರೆ ಸರಿಹೋಯಿತು.

ಆದರೆ ಅದೇ ಹಾಳೆ, ಹೊಲಗಳ ಹೆಸರಿನ ಜೊತೆಗೆ ನಾನು ಬರೆದಿದ್ದ ‘12/1’ ಎಂಬಂಥ ಸರ್ವೆ ನಂಬರುಗಳನ್ನೂ ತಾರೀಖೆಂದು ತಿಳಿಯಿತು. ಈ ಚಾಳಿ ಹೊಸದಲ್ಲ. ಜೀವವಿಜ್ಞಾನಿಗಳು ವಂಶವಾಹಿಗಳಿಗೆ ಇಟ್ಟಿದ್ದ ‘ಮಾರ್ಚ್ 1’, ‘ಸೆಪ್ಟ್ 1’ ಎಂಬಂಥ ಸಂಕೇತಗಳನ್ನೂ ಇದು ದಿನಾಂಕ ಮಾಡುತ್ತಿದ್ದುದರಿಂದ, 2020ರಲ್ಲಿ ಆ ಹೆಸರುಗಳನ್ನೇ ಬದಲಾಯಿಸಬೇಕಾಯಿತಂತೆ. ಸರ್ವೆ ನಂಬರು ಎಂದಾಗ ನನಗೆ ಪಹಣಿ ನೆನಪಾಯಿತು. ನನ್ನದು ಪದಗಳ ಗಂಟು, ತಪ್ಪಿದರೆ ಪಂಡಿತರು ನಕ್ಕಾರು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಸಾಗಿದ್ದು ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು. ಮೊದಲು ಆಯಾ ತಾಲೂಕು ಕಚೇರಿಯ ಕಂಪ್ಯೂಟರಿನಲ್ಲಿದ್ದ ಆ ಮಾಹಿತಿ ಆಮೇಲೆ ರಾಜ್ಯದ ಒಂದೇ ಕೇಂದ್ರಕ್ಕೆ ಸಾಗಿತು. ಪಹಣಿಯ 9ನೆಯ ಕಾಲಂ ಹಿಡುವಳಿದಾರನ ಹೆಸರು. ಅಲ್ಲಿ ‘ರಾಮೇಗೌಡ’ ಎಂದೂ ಆಧಾರ್ ಚೀಟಿಯಲ್ಲಿ ‘ರಾಮೆಗೌಡ’ ಎಂದೂ ಇದ್ದರೆ ಏನು ಪಾಡೆಂಬುದನ್ನು ನಾನು ರೈತರಿಗೆ ವಿವರಿಸಬೇಕಾಗಿಲ್ಲ. ಇಂಥ ಪ್ರತಿಯೊಂದು ಸಾಗಾಟದ ಹಿಂದೆಯೂ ಹೆಸರಿಲ್ಲದ ಲಿಪಿಕಾರರಿದ್ದಾರೆ; ರಾತ್ರಿಯೆಲ್ಲ ಕೂತು ಕಾಲಂ ಕಾಲಂ ತಾಳೆ ನೋಡುವವರಿದ್ದಾರೆ. ಅವರಲ್ಲಿ ನನಗೆ ಈಗ ಗೌರವ ಹೆಚ್ಚಾಗಿದೆ.

ಅಂತೂ ಒಂದು ದಿನ ಲೆಕ್ಕ ನೋಡಿದೆವು. ಹಳೆಯದರಲ್ಲಿ ಎಷ್ಟು ದಾಖಲೆಗಳಿದ್ದವೋ ಹೊಸದರಲ್ಲಿಯೂ ಅಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ. ಹೊಸ ಪದವೊಂದನ್ನು ಸೇರಿಸಹೋದರೆ ಮಾತ್ರ ಅದು ಒಂದರಿಂದ ಎಣಿಸತೊಡಗಿ, ‘ಒಂದು ಈಗಾಗಲೇ ಇದೆ’ ಎಂದು ಮೊಂಡು ಹಿಡಿಯಿತು. ಮುಂದಿನ ಸಂಖ್ಯೆ ಯಾವುದೆಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಅದನ್ನೂ ಹೇಳಿಕೊಟ್ಟದ್ದಾಯಿತು. ಎಲ್ಲ ಮುಗಿಯಿತೆಂದು ಒಬ್ಬಟ್ಟಿನ ಊಟ ಮಾಡಿ, ಮಿತ್ರರು ನೋಡಲೆಂದು ಸಂಗ್ರಹವನ್ನು ಪ್ರಯೋಗಕ್ಕಾಗಿ ತೆರೆದಿಟ್ಟೆವು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನಲ್ಲಿ ತನ್ನ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ, ಮಾಹಿತಿಯೇನೋ ಸುರಕ್ಷಿತವಾಗಿ ಸಾಗಿತು, ಹೊಸ ವ್ಯವಸ್ಥೆಯೇ ಕುಸಿಯಿತು. ಸುಮಾರು 19 ಲಕ್ಷ ಜನ ತಮ್ಮ ಖಾತೆಯನ್ನು ಕಾಣಲಾರದೆ ಹೋದರು, 2022ರಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡಿಗೂ ಮೀರಿದ ದಂಡ ಬಿದ್ದಿತು. ನನ್ನದು ಇದರ ತಿರುವುಮುರುವು. ವ್ಯವಸ್ಥೆ ಹೂವಿನ ಹಾಗೆ ನಡೆಯಿತು.

ಹನ್ನೊಂದನೆಯ ದಿನ ಒಬ್ಬ ತರುಣಿ ಫೋನು ಮಾಡಿದಳು. ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. “ಸಾರ್, ನಮ್ಮಜ್ಜಿ ಹೆಸರು ಹಾಕಿದ್ದೀರಿ. ಅವರು ಹಾಕಬೇಡಿ ಅಂದಿದ್ದರಂತಲ್ಲ?” ಎಂದಳು. ನನಗೆ ಒಡನೆ ನೆನಪಾಯಿತು. ಅವಳ ಅಜ್ಜಿ ಸೂಲಗಿತ್ತಿ. ನಾಟಿ, ಅಡಿಗೆ, ಹಬ್ಬಗಳ ಮಾತನ್ನೆಲ್ಲ ಧಾರಾಳವಾಗಿ ಹೇಳಿ, ಹೆಸರನ್ನೂ ಬರೆಸಿದ್ದರು. ಅದೇ ಸಂಜೆ ಹೆರಿಗೆ ಬಾಣಂತನಗಳ ಮಾತುಗಳನ್ನೂ ಹೇಳಿ, ಕೊನೆಗೆ, “ಇವ ನನ್ ಹೆಸರ್ ಮ್ಯಾಲೆ ಬರ್ಕಬ್ಯಾಡ ಕನಪ್ಪ, ಗಂಡಸ್ರ ಮುಂದೆ ಆಡೋ ಮಾತಲ್ಲ ಇವು” ಎಂದಿದ್ದರು. ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಬರೆದಿರಲೂ ಇಲ್ಲ.

ಆದದ್ದಿಷ್ಟು. ಹೆಸರಿನ ಕಾಲಮಿನಲ್ಲಿ ನನ್ನದೊಂದು ಕಟ್ಟಳೆಯಿದ್ದಿತು. ಹೆಸರು ಕೇಳಲು ಮರೆತಿದ್ದರೆ ಅಡ್ಡಗೆರೆ; ಗುಂಪಿನಲ್ಲಿ ಯಾರೋ ಹೇಳಿದ್ದರೆ ಸೊನ್ನೆ; ಹೇಳಿದವರು ಹೆಸರು ಬೇಡವೆಂದಿದ್ದರೆ ಏನೂ ಬರೆಯದೆ ಖಾಲಿ. ಸಾಗಿಸುವಾಗ ನನ್ನ ಶಿಷ್ಯ, ಅಡ್ಡಗೆರೆಗೂ ಸೊನ್ನೆಗೂ ಹೆಸರಿನ ಜಾಗದಲ್ಲಿ ಏನು ಕೆಲಸವೆಂದು, ಒಳ್ಳೆಯ ಗೃಹಿಣಿ ಕಸ ಗುಡಿಸುವಂತೆ, ಎಲ್ಲವನ್ನೂ ಗುಡಿಸಿ ಖಾಲಿ ಮಾಡಿದ. ಆಮೇಲೆ, ಒಂದೇ ಕಂತೆಯಲ್ಲಿ ಕೆಲವಕ್ಕೆ ಹೆಸರಿದ್ದು ಕೆಲವಕ್ಕೆ ಇಲ್ಲದಿದ್ದುದನ್ನು ಕಂಡು, ಮೇಷ್ಟರು ಸೋಮಾರಿತನದಿಂದ ಬಿಟ್ಟಿದ್ದಾರೆಂದು ಬಗೆದು, ಇದ್ದ ಹೆಸರನ್ನೇ ಉಳಿದವಕ್ಕೂ ತುಂಬಿಸಿದ. ಮೂರು ಬಗೆಯ ಇಲ್ಲ ಒಂದೇ ಇಲ್ಲವಾಗಿ, ಆ ಇಲ್ಲವೂ ಹೌದಾಯಿತು. ಅವನನ್ನು ದೂರಲಾರೆ. ಆ ಕಟ್ಟಳೆ ನನ್ನ ತಲೆಯಲ್ಲಿದ್ದಿತೇ ಹೊರತು ಹಳೆಯ ಡೇಟಾಬೇಸಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಖಾಲಿ ಜಾಗದ ವಿಷಯದಲ್ಲಿ ಡೇಟಾಬೇಸುಗಳಲ್ಲಿಯೇ ಒಮ್ಮತವಿಲ್ಲ. ಏನನ್ನೂ ಹೇಳಿಲ್ಲವೆಂಬುದು ಬೇರೆ, ಒಂದಕ್ಷರವೂ ಇಲ್ಲದ ಮಾತೆಂಬುದು ಬೇರೆ ಎಂದು ಪೋಸ್ಟ್‌ಗ್ರೆಸ್ ಭೇದ ಮಾಡುತ್ತದೆ. ಆರೇಕಲ್ ಎರಡನ್ನೂ ಒಂದೆನ್ನುತ್ತದೆ. ಯಂತ್ರಗಳ ಪಾಡೇ ಹೀಗಿರುವಾಗ ನನ್ನ ಮನಸ್ಸಿನ ಖಾಲಿಯನ್ನು ಆ ಹುಡುಗ ಓದುವುದು ಹೇಗೆ?

ಆ ರಾತ್ರಿಯೇ ಎಲ್ಲವನ್ನೂ ಮುಚ್ಚಿಸಿದೆ. ಹಳೆಯ ಪ್ರತಿಯನ್ನು ಅಳಿಸದೆ ಹಾಗೆಯೇ ಇಟ್ಟಿದ್ದುದು ನಮ್ಮ ಪುಣ್ಯ. ‘ಇನ್ನು ಇದೇಕೆ’ ಎಂದು ನಾನೇ ಎರಡು ಸಲ ಕೇಳಿದ್ದೆ. ಹೊಸ ಡೇಟಾಬೇಸಿನಲ್ಲಿ ಹೆಸರಿನ ಪಕ್ಕಕ್ಕೆ ಇನ್ನೊಂದು ಕಾಲಂ ಮಾಡಿ, ‘ಕೇಳಲಿಲ್ಲ’, ‘ಗುಂಪಿನ ಮಾತು’, ‘ಹೆಸರು ಬೇಡವೆಂದರು’ ಎಂದು ಬಾಯಿಬಿಟ್ಟು ಬರೆದೆವು. ಕೊನೆಯದಿದ್ದ ಕಡೆ ಹೆಸರನ್ನು ತುಂಬಹೋದರೆ ಡೇಟಾಬೇಸೇ ಒಪ್ಪದಂತೆ ಕಟ್ಟುಮಾಡಿದ್ದಾನೆ. ಹೋದ ದಾರಿಯಲ್ಲಿ ಹಿಂದಿರುಗುವ ಪರೀಕ್ಷೆಯನ್ನು ಈ ಬಾರಿ ಹೆಸರಿನ ಕಾಲಮಿಗೂ ಮಾಡಿದೆವು.

ಆಗ 41 ದಾಖಲೆಗಳು ಹೊಂದದೆ ಉಳಿದವು. ಅವುಗಳಲ್ಲಿ ಹೆಸರಿನ ಜಾಗ ಖಾಲಿಯಿದ್ದಂತೆ ಕಂಡರೂ, 2003ರಲ್ಲಿ ಟೈಪು ಮಾಡಿದ ಹುಡುಗನ ಬೆರಳು ತಾಗಿ ಒಂದು ಅಂತರ ಬಿದ್ದಿದ್ದಿತು. ಅದು ನಾನು ಬಿಟ್ಟ ಖಾಲಿಯೋ, ಅವನು ಹಾಕಲು ಮರೆತ ಅಡ್ಡಗೆರೆಯೋ? ಆ ಕಂತೆಗಳ ಕಾರ್ಡುಗಳನ್ನು ಗೆದ್ದಲು ತಿಂದು ಬಹಳ ಕಾಲವಾಗಿದೆ.

ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು, ಕಳೆದ ಜಾತ್ರೆಯ ಸಮಯದಲ್ಲಿ ಆ ಉಪಾಧ್ಯಾಯಿನಿಯ ಮನೆಗೆ ಹೋದೆ. ಅಜ್ಜಿ ತೀರಿಕೊಂಡು ಹತ್ತು ವರ್ಷವಾಗಿದ್ದಿತು. ಆಕೆ ಒಳಗಿನಿಂದ ತನ್ನ ತಾಯಿಯನ್ನು ಕರೆದು ಕೂರಿಸಿ, ನನ್ನನ್ನು ಜಗಲಿಯಲ್ಲಿ ಬಿಟ್ಟು, ಬಾಗಿಲು ಮುಂದೆಮಾಡಿ, ಪದಗಳನ್ನು ಒಂದೊಂದಾಗಿ ಓದಿ ಹೇಳಿದಳು. ಒಳಗೆ ನಗು ಕೇಳಿಸುತ್ತಿದ್ದಿತು. ಅರ್ಧ ಗಂಟೆಯ ಮೇಲೆ ಕಾಗದ ಹೊರಗೆ ಬಂದಿತು. 9 ಪದಗಳ ಮುಂದೆ ‘ಅಜ್ಜಿಯದು, ಹೆಸರು ಬೇಡ’ ಎಂದು ಬರೆದಿದ್ದಳು. ಉಳಿದ 32ರ ಮುಂದೆ ‘ತಿಳಿಯದು’ ಎಂದು ನಾನು ಬರೆದಿದ್ದೇನೆ. ಅವು ಹೊಸ ಉಗ್ರಾಣದಲ್ಲಿವೆ, ಹೊರಗೆ ಕಾಣುವುದಿಲ್ಲ.